ಹರ್ಪಿಸ್

ಗ್ರೀಕಿನ ‘ಹರ್ಪೀನ್’ ಎಂದರೆ ತೆವಳು. ಚರ್ಮದ ಮೇಲೆ ಹರಿದಾಡಿದಂತೆ ಹಬ್ಬುವ ಹುಣ್ಣಿಗೆ ಪ್ರಾಚೀನ ಗ್ರೀಕ್ ವೈದ್ಯರು ಇದರಿಂದಲೇ ಹೆಸರಿಟ್ಟರು. ಸಂಸ್ಕೃತದ ‘ಸರ್ಪ’ ಇದರ ದಾಯಾದಿ. ನಮ್ಮ ‘ಸರ್ಪಸುತ್ತು’ ಕೂಡ ಹರ್ಪಿಸ್ ಕುಟುಂಬದ ವೈರಸ್ಸಿನದೇ ಕಾಯಿಲೆ ಎಂಬುದು ಸೋಜಿಗ. ಹರ್ಪಿಸ್ ತುಟಿಯಲ್ಲೂ ಏಳುತ್ತದೆ; ಹಾಗೆಂದು ಬಾಯಲ್ಲಿ ಏನೆದ್ದರೂ ಅದೇ ಎಂದು ಹೆದರಬೇಕಿಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಅಡಿಯಲ್ಲಿ ಕೆಂಪು ಅಂಚಿನ ಬಿಳಿ ಹುಣ್ಣೆದ್ದು, ಖಾರದ ಸಾರು ತಗುಲಿದರೆ ಚುರ್ ಎನ್ನುತ್ತದಲ್ಲ, ಅದು ಸಾಮಾನ್ಯವಾಗಿ ಬರೀ ಬಾಯಿಹುಣ್ಣು. ಅಂಟುವುದಿಲ್ಲ, ಒಂದೆರಡು ವಾರದಲ್ಲಿ ಮಾಯುತ್ತದೆ. ಹರ್ಪಿಸ್ ಹೆಚ್ಚಾಗಿ ತುಟಿಯ ಅಂಚಿನಲ್ಲಿ ಮೊದಲು ಜುಮುಗುಟ್ಟಿ, ನೀರು ತುಂಬಿದ ಸಣ್ಣ ಗುಳ್ಳೆಗಳ ಗುಂಪಾಗಿ ಎದ್ದು, ಒಡೆದು ಹೆಕ್ಕಳೆಗಟ್ಟುತ್ತದೆ. 3 ವಾರವಾದರೂ ಮಾಯದ ಹುಣ್ಣು ಯಾವುದೇ ಇರಲಿ, ವೈದ್ಯರಿಗೆ ತೋರಿಸಿ. ತುಟಿಯಲ್ಲಿ ಗುಳ್ಳೆಯಿದ್ದಾಗ ಹಸುಗೂಸಿಗೆ ಮಾತ್ರ ಮುತ್ತು ಕೊಡಲೇಬೇಡಿ. ಎಳೆಯ ಮಗುವಿನ ಜೀವಕ್ಕೇ ಅಪಾಯವಾದೀತು.