ರಾಕ್ ಹಡ್ಸನ್

ರಾಕ್ ಹಡ್ಸನ್ (17 ನವೆಂಬರ್ 1925 – 2 ಅಕ್ಟೋಬರ್ 1985): ಅಮೆರಿಕದ ಚಲನಚಿತ್ರ ಮತ್ತು ಕಿರುತೆರೆ ನಟ. 1950 ಮತ್ತು 60ರ ದಶಕಗಳಲ್ಲಿ ಗಂಡಸು ಎಂದರೆ ಹೀಗಿರಬೇಕು ಎಂದು ಹಾಲಿವುಡ್ ಎತ್ತಿ ತೋರಿಸುತ್ತಿದ್ದ ಮುಖ ಈತನದು. ಈತ ಸಲಿಂಗಕಾಮಿ ಎಂಬುದು ಸ್ಟುಡಿಯೋದವರಿಗೆ, ಸಹನಟರಿಗೆ, ಪತ್ರಕರ್ತರಿಗೆ ಗೊತ್ತಿತ್ತು; ಟಿಕೆಟ್ ಕೊಳ್ಳುವವರಿಗೆ ಮಾತ್ರ ಗೊತ್ತಿರಲಿಲ್ಲ. ತನಗೆ ಏಡ್ಸ್ ತಗುಲಿದೆ ಎಂದು ಜಗತ್ತಿಗೆ ತಿಳಿಸಿದ ಮೊದಲ ದೊಡ್ಡ ತಾರೆಯೂ ಈತನೇ. ಭಾರತದಲ್ಲಿ ಈತನ ಹೆಸರು ಮರೆತವರೂ ಈತ ನಾಯಕನಾಗಿದ್ದ ಒಂದು ಚಿತ್ರದ ರಾಗವನ್ನು ಮರೆತಿಲ್ಲ. ದಿಬ್ಬಣದ ಬ್ಯಾಂಡಿನವರು ದಶಕಗಳ ಕಾಲ ಊದಿದ ‘ಕಮ್ ಸೆಪ್ಟೆಂಬರ್’ (1961) ಅದು. ರಾಗ ಕಟ್ಟಿದವನು ಅದೇ ಚಿತ್ರದಲ್ಲಿ ನಟಿಸಿದ್ದ ಗಾಯಕ ಬಾಬಿ ಡ್ಯಾರಿನ್.

ಹುಟ್ಟಿದ್ದು ಇಲಿನಾಯ್ ರಾಜ್ಯದ ವಿನೆಟ್ಕಾದಲ್ಲಿ. ಹುಟ್ಟುಹೆಸರು ರಾಯ್ ಹೆರಾಲ್ಡ್ ಷೆರರ್. ತಂದೆ ಮೋಟಾರು ಮೆಕ್ಯಾನಿಕ್. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಹೆಂಡತಿ ಮಗುವನ್ನು ಬಿಟ್ಟುಹೋದ. ಟೆಲಿಫೋನ್ ಆಪರೇಟರ್ ಆಗಿದ್ದ ತಾಯಿ ಕ್ಯಾಥರೀನ್ ಮರುಮದುವೆಯಾದಳು. ಮಲತಂದೆ ದತ್ತು ತೆಗೆದುಕೊಂಡಿದ್ದರಿಂದ ಹುಡುಗ ರಾಯ್ ಫಿಟ್ಜೆರಾಲ್ಡ್ ಆದ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನ ಮೆಕ್ಯಾನಿಕ್ ಆಗಿ ಫಿಲಿಪೀನ್ಸ್‌ನಲ್ಲಿದ್ದು, ಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸ್‌ಗೆ ಬಂದು ಲಾರಿ ಓಡಿಸಿದ. ಆರಡಿ ನಾಲ್ಕಂಗುಲ ದಾಟಿದ ಎತ್ತರ, ಅಗಲ ಭುಜ. ನಟನೆ ಮಾತ್ರ ಬರುತ್ತಿರಲಿಲ್ಲ.

ಈತನನ್ನು ರಾಕ್ ಹಡ್ಸನ್ ಮಾಡಿದವನು ಏಜೆಂಟ್ ಹೆನ್ರಿ ವಿಲ್ಸನ್. ಚೆಲುವ ಹುಡುಗರನ್ನು ಹುಡುಕಿ ತಂದು, ಗಟ್ಟಿಯಾಗಿ ಕೇಳಿಸುವ ಹೆಸರಿಟ್ಟು ಸ್ಟುಡಿಯೋಗಳಿಗೆ ಒದಗಿಸುವುದು ಅವನ ದಂಧೆ. ಟ್ಯಾಬ್ ಹಂಟರ್, ರೋರಿ ಕ್ಯಾಲ್ಹೂನ್, ಗೈ ಮ್ಯಾಡಿಸನ್ ಎಲ್ಲರೂ ಅದೇ ಕಮ್ಮಟದ ನಾಣ್ಯಗಳು. ಜಿಬ್ರಾಲ್ಟರ್ ಬಂಡೆಯಿಂದ ‘ರಾಕ್’, ನ್ಯೂಯಾರ್ಕಿನ ನದಿಯಿಂದ ‘ಹಡ್ಸನ್’ ಎಂದು ವಿಲ್ಸನ್ ಹೇಳಿಕೊಳ್ಳುತ್ತಿದ್ದ. ಹಡ್ಸನ್‌ಗೆ ಆ ಹೆಸರು ಕೊನೆಯವರೆಗೂ ಹಿಡಿಸಲಿಲ್ಲ. ವಿಲ್ಸನ್ ಸ್ವತಃ ಸಲಿಂಗಕಾಮಿ. ಬಂದ ಹುಡುಗರನ್ನು ಬಳಸಿಕೊಳ್ಳುತ್ತಾನೆಂಬ ಮಾತು ಅವನ ಬೆನ್ನಿಗಿತ್ತು. ಆದರೆ ತನ್ನ ಸರಕಿನ ಮೇಲೆ ಗೀರು ಬೀಳದಂತೆ ಅವನಷ್ಟು ಕಾದವರೂ ಕಡಿಮೆ. ಹಲ್ಲು ಸರಿಪಡಿಸಲಾಯಿತು, ನಡಿಗೆ ತಿದ್ದಲಾಯಿತು. ನೆಗಡಿಯಾಗಿದ್ದಾಗ ಬೇಕೆಂದೇ ಕಿರುಚಿಸಿ ಗಂಟಲು ಒಡೆಸಿ ದನಿಯನ್ನು ತಗ್ಗಿಸಿದರು ಎಂಬ ಕತೆಯೂ ಇದೆ. ಮೊದಲ ಚಿತ್ರ ‘ಫೈಟರ್ ಸ್ಕ್ವಾಡ್ರನ್’ (1948). ಅದರಲ್ಲಿ ಒಂದೇ ಒಂದು ಸಾಲು ಒಪ್ಪಿಸಲು 38 ಟೇಕ್ ತೆಗೆದುಕೊಂಡ ಎಂಬ ಮಾತನ್ನು ಹಾಲಿವುಡ್ ಚಪ್ಪರಿಸಿಕೊಂಡು ಹೇಳುತ್ತ ಬಂದಿದೆ. ಮುಂದೆ ಯೂನಿವರ್ಸಲ್ ಸ್ಟುಡಿಯೋ ಒಪ್ಪಂದ ಮಾಡಿಕೊಂಡು ಕುದುರೆ ಸವಾರಿ, ಕತ್ತಿವರಸೆ, ಕುಣಿತ, ಹಾಡು ಎಲ್ಲವನ್ನೂ ಸಂಬಳ ಕೊಟ್ಟೇ ಕಲಿಸಿತು.

ಗುಟ್ಟನ್ನು ಇಷ್ಟು ಎಚ್ಚರಿಕೆಯಿಂದ ಕಾಯಲು ಕಾರಣಗಳಿದ್ದವು. ಕಲಾವಿದರ ಒಪ್ಪಂದದಲ್ಲಿ ನಡತೆಯ ಷರತ್ತು ಎಂಬುದೊಂದಿರುತ್ತಿತ್ತು. ಹಗರಣವಾದರೆ ಸ್ಟುಡಿಯೋ ಕೈತೊಳೆದುಕೊಳ್ಳಬಹುದು. 1934ರಿಂದ ಬಿಗಿಯಾಗಿ ಜಾರಿಗೆ ಬಂದ, ಹೇಸ್ ಸಂಹಿತೆ ಎಂಬ ಚಿತ್ರೋದ್ಯಮದ ನಿಯಮಾವಳಿ ಸಲಿಂಗಕಾಮವನ್ನು ತೆರೆಯ ಮೇಲೆ ಸೂಚಿಸುವುದನ್ನೂ ತಡೆದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅದು ಅಪರಾಧ. ಆ ಕಾನೂನು ಹೋಗಿದ್ದು 1976ರಲ್ಲಿ. ಹಡ್ಸನ್‌ಗಿಂತ ಒಂದು ತಲೆಮಾರು ಹಿಂದೆ ಎಂಜಿಎಂ ಸ್ಟುಡಿಯೋದ ದೊಡ್ಡ ತಾರೆ ವಿಲಿಯಂ ಹೇನ್ಸ್‌ಗೆ ಸ್ಟುಡಿಯೋ ಮುಖ್ಯಸ್ಥ ಲೂಯಿ ಮೇಯರ್ ಒಂದು ಆಯ್ಕೆ ಕೊಟ್ಟಿದ್ದ: ಗೆಳೆಯನನ್ನು ಬಿಟ್ಟು ಮದುವೆಯಾಗು, ಇಲ್ಲವೇ ಮನೆಗೆ ಹೋಗು. ಹೇನ್ಸ್ ಗೆಳೆಯನ ಜೊತೆ ಮನೆಗೆ ಹೋದ. ಒಳಾಂಗಣ ಅಲಂಕಾರದ ಕೆಲಸ ಹಿಡಿದು ಹೆಸರು ಮಾಡಿದ, ಸಾಯುವವರೆಗೂ ಆ ಗೆಳೆಯನೊಂದಿಗೇ ಬಾಳಿದ. ಆದರೆ ಅವನ ತಾರಾಪಟ್ಟ ಅಲ್ಲಿಗೆ ಮುಗಿದಿತ್ತು. ಹಡ್ಸನ್ ಕಾಲಕ್ಕೆ ಬಂದವರೆಲ್ಲರ ಕಣ್ಣಮುಂದೆ ಇದ್ದ ಉದಾಹರಣೆ ಇದು.

ಹಡ್ಸನ್‌ಗೆ ತಾರಾಪಟ್ಟ ತಂದದ್ದು ಡಗ್ಲಸ್ ಸರ್ಕ್ ನಿರ್ದೇಶನದ ‘ಮ್ಯಾಗ್ನಿಫಿಸೆಂಟ್ ಅಬ್ಸೆಷನ್’ (1954). ಸರ್ಕ್ ಜರ್ಮನಿಯಿಂದ ಬಂದವನು. ಕಣ್ಣೀರಿನ ಕತೆಗಳನ್ನು ಬಣ್ಣದಲ್ಲಿ ಅದ್ದಿ, ಅವುಗಳ ಒಳಗೆ ಅಮೆರಿಕದ ಮಧ್ಯಮವರ್ಗದ ಉಸಿರುಗಟ್ಟುವಿಕೆಯನ್ನು ಇಡುತ್ತಿದ್ದ. ಮರುವರ್ಷದ ‘ಆಲ್ ದಟ್ ಹೆವೆನ್ ಅಲೌಸ್’ನಲ್ಲಿ ಹಡ್ಸನ್ ಒಬ್ಬ ತೋಟಗಾರ, ಅವನಿಗಿಂತ ಹಿರಿಯಳಾದ ಸಿರಿವಂತ ವಿಧವೆ ಅವನನ್ನು ಮೆಚ್ಚುತ್ತಾಳೆ. ಊರು ಆಡಿಕೊಳ್ಳುತ್ತದೆ, ಬೆಳೆದ ಮಕ್ಕಳು ಸಿಡಿಯುತ್ತಾರೆ, ಅವಳು ಸಂಬಂಧ ಮುರಿಯುತ್ತಾಳೆ. ಆಮೇಲೆ ಮಕ್ಕಳು ಅವಳ ಒಂಟಿತನಕ್ಕೆಂದು ಒಂದು ಟಿವಿ ತಂದಿಡುತ್ತಾರೆ. ಆರಿದ ಪರದೆಯ ಗಾಜಿನಲ್ಲಿ ಅವಳ ಮುಖವೇ ಕಾಣುತ್ತದೆ. ನಾಲ್ಕು ಜನರ ಮಾತಿಗೆ ಹೆದರಿ ಬೇಕಾದವರನ್ನು ಬಿಡುವವರ ಕತೆ ಅದು. ಅದರಲ್ಲಿ ಯಾರ ಮಾತಿಗೂ ಕಿವಿಗೊಡದೆ ತನ್ನಿಷ್ಟದಂತೆ ಬದುಕುವ ಪಾತ್ರವನ್ನು ಹಡ್ಸನ್‌ಗೆ ಕೊಟ್ಟಿದ್ದು, ಈಗ ನೋಡುವವರಿಗೆ ಸ್ವಲ್ಪ ಕ್ರೂರವಾಗಿಯೇ ಕಾಣುತ್ತದೆ.

‘ಜೈಂಟ್’ (1956) ಹಡ್ಸನ್ ವೃತ್ತಿಜೀವನದ ಶಿಖರವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಟೆಕ್ಸಾಸಿನ ಜಮೀನ್ದಾರ ಬಿಕ್ ಬೆನೆಡಿಕ್ಟ್ ಯೌವನದಿಂದ ಮುಪ್ಪಿನವರೆಗೆ ಸಾಗುವ ಪಾತ್ರ. ಜೊತೆಗೆ ಎಲಿಜಬೆತ್ ಟೇಲರ್, ಜೇಮ್ಸ್ ಡೀನ್. ಮೆಕ್ಸಿಕನ್ನರನ್ನು ಕೀಳಾಗಿ ಕಾಣುತ್ತ ಬಂದ ಮುದುಕ, ಕೊನೆಗೆ ಹೆದ್ದಾರಿಯ ಹೋಟೆಲೊಂದರಲ್ಲಿ ಅವರ ಪರವಾಗಿ ಮಾಲೀಕನೊಡನೆ ಕೈಮಿಲಾಯಿಸಿ, ಸೋತು ತಟ್ಟೆಗಳ ನಡುವೆ ಬೀಳುತ್ತಾನೆ. ಆ ಬೀಳುವಿಕೆಯಲ್ಲಿ ಹಡ್ಸನ್ ನಿಜವಾಗಿ ನಟ. ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು, ಪ್ರಶಸ್ತಿ ಯುಲ್ ಬ್ರಿನ್ನರ್ ಪಾಲಾಯಿತು. ಟೇಲರ್ ಜೊತೆಗಿನ ಸ್ನೇಹ ಮಾತ್ರ ಮೂವತ್ತು ವರ್ಷ ಉಳಿಯಿತು.

1955 ಹಡ್ಸನ್ ಬಾಳಿನ ಬಿಕ್ಕಟ್ಟಿನ ವರ್ಷ. ‘ಕಾನ್ಫಿಡೆನ್ಷಿಯಲ್’ ಎಂಬ ಹಗರಣ ಪತ್ರಿಕೆ ಲಕ್ಷಗಟ್ಟಲೆ ಪ್ರತಿ ಮಾರುತ್ತಿತ್ತು. ಅದು ಹಡ್ಸನ್ ಬೆನ್ನು ಹತ್ತಿತ್ತು. ವಿಲ್ಸನ್ ತನ್ನದೇ ಇನ್ನಿಬ್ಬರು ನಟರ ಗುಟ್ಟುಗಳನ್ನು ಪತ್ರಿಕೆಗೆ ಕೊಟ್ಟು ಹಡ್ಸನ್‌ನನ್ನು ಬಿಡಿಸಿಕೊಂಡ ಎಂದು ಹೆಚ್ಚಿನ ಜೀವನಚರಿತ್ರೆಕಾರರು ಹೇಳುತ್ತಾರೆ. ಆ ವರ್ಷ ಪತ್ರಿಕೆಯಲ್ಲಿ ರೋರಿ ಕ್ಯಾಲ್ಹೂನ್‌ನ ಹಳೆಯ ಜೈಲುವಾಸದ ಸುದ್ದಿಯೂ, ಟ್ಯಾಬ್ ಹಂಟರ್ ಹಿಂದೊಮ್ಮೆ ಪಾರ್ಟಿಯೊಂದರಲ್ಲಿ ಬಂಧಿತನಾದ ಸುದ್ದಿಯೂ ಬಂದವು. ಹಡ್ಸನ್ ಸುದ್ದಿ ಬರಲಿಲ್ಲ. ಅಕ್ಟೋಬರಿನಲ್ಲಿ ‘ಲೈಫ್’ ಪತ್ರಿಕೆ ಹಡ್ಸನ್‌ನನ್ನು ಹಾಲಿವುಡ್ಡಿನ ಅತಿ ಚೆಲುವ ಬ್ರಹ್ಮಚಾರಿ ಎಂದು ಮುಖಪುಟಕ್ಕೆ ಹಾಕಿ, ಇನ್ನೂ ಮದುವೆ ಯಾಕಿಲ್ಲ ಎಂಬ ಪ್ರಶ್ನೆಯನ್ನು ಅಭಿಮಾನಿಗಳ ಬಾಯಲ್ಲಿಟ್ಟು ಕೇಳಿತು.

ಉತ್ತರ ಐದೇ ವಾರದಲ್ಲಿ ಬಂತು. ನವೆಂಬರ್ 9ರಂದು ಸಾಂಟಾ ಬಾರ್ಬರಾದಲ್ಲಿ ಹಡ್ಸನ್ ಮದುವೆಯಾದ. ವಧು ಫಿಲಿಸ್ ಗೇಟ್ಸ್, ವಿಲ್ಸನ್ ಕಚೇರಿಯ ಕಾರ್ಯದರ್ಶಿ. ಮದುವೆ ಮುಗಿಯುತ್ತಿದ್ದಂತೆ ಹೆಡ್ಡಾ ಹಾಪರ್ ಮತ್ತು ಲೂಯೆಲ್ಲಾ ಪಾರ್ಸನ್ಸ್ ಎಂಬ ಇಬ್ಬರು ಪ್ರಬಲ ಅಂಕಣಕಾರ್ತಿಯರಿಗೆ ಫೋನ್ ಹೋಯಿತು. ಇಬ್ಬರಲ್ಲಿ ಯಾರಿಗೆ ಹೇಳದಿದ್ದರೂ ಕಷ್ಟವಿತ್ತು. ಮದುವೆ ಮೂರು ವರ್ಷ ತುಂಬುವ ಮೊದಲೇ, 1958ರಲ್ಲಿ, ಮುರಿಯಿತು. ಇದನ್ನು ಏಜೆಂಟ್ ಹೂಡಿದ ನಾಟಕ ಎಂದೇ ಬಹುತೇಕರು ಬರೆದಿದ್ದಾರೆ. ಗೇಟ್ಸ್ ಮಾತ್ರ ತಾನು ಪ್ರೀತಿಸಿಯೇ ಮದುವೆಯಾದದ್ದು ಎಂದು 1987ರ ತನ್ನ ಪುಸ್ತಕದಲ್ಲಿ ಹೇಳಿದಳು, ಮತ್ತೆ ಮದುವೆಯಾಗಲೂ ಇಲ್ಲ. ಹಡ್ಸನ್‌ನ ಗುಟ್ಟಿನ ಲೆಕ್ಕ ಹಾಕುವವರು ಆಕೆಯ ಪಾಲನ್ನೂ ಸೇರಿಸಬೇಕು.

ವಿಚ್ಛೇದನದಿಂದ ಮಾರುಕಟ್ಟೆಗೇನೂ ಆಗಲಿಲ್ಲ. ಚಿತ್ರಮಂದಿರದವರು ಮತ ಹಾಕುವ ಗಳಿಕೆಯ ತಾರೆಗಳ ಪಟ್ಟಿಯಲ್ಲಿ ಹಡ್ಸನ್ 1957ರಲ್ಲೂ 1959ರಲ್ಲೂ ಮೊದಲನೆಯವನು. ಡೋರಿಸ್ ಡೇ ಜೊತೆ ಮಾಡಿದ ‘ಪಿಲ್ಲೋ ಟಾಕ್’ (1959), ‘ಲವರ್ ಕಮ್ ಬ್ಯಾಕ್’ (1961), ‘ಸೆಂಡ್ ಮಿ ನೋ ಫ್ಲವರ್ಸ್’ (1964) ಎಂಬ ಮೂರು ಹಾಸ್ಯಚಿತ್ರಗಳು ಅದುವರೆಗೆ ಯಾರೂ ಅರಿಯದ ಹಗುರ ಕೈಯನ್ನು ತೋರಿಸಿದವು. ‘ಪಿಲ್ಲೋ ಟಾಕ್’ನಲ್ಲಿ ಈತ ಹೆಣ್ಣುಗಳ ಹಿಂದೆ ಸುತ್ತುವ ಸಂಗೀತಗಾರ, ನಾಯಕಿಯ ಮುಂದೆ ಟೆಕ್ಸಾಸಿನ ಮುಗ್ಧನಂತೆ ನಟಿಸುತ್ತಿರುತ್ತಾನೆ. ಆ ಮುಗ್ಧ ‘ಆ ಥರದವನು’ ಇರಬಹುದು ಎಂಬ ಅನುಮಾನವನ್ನು ಫೋನಿನಲ್ಲಿ ತಾನೇ ಅವಳ ಕಿವಿಗೆ ಹಾಕಿ, ಮುಂದಿನ ಭೇಟಿಯಲ್ಲಿ ಕಿರುಬೆರಳೆತ್ತಿ ಗ್ಲಾಸು ಹಿಡಿಯುತ್ತಾನೆ, ತಿನ್ನಲಿಟ್ಟದ್ದನ್ನು ಮೆಚ್ಚಿ ಮಾಡುವ ಬಗೆ ಕೇಳುತ್ತಾನೆ, ಅಮ್ಮನ ಮಾತು ತೆಗೆಯುತ್ತಾನೆ. ಸಲಿಂಗಕಾಮಿ ನಟನೊಬ್ಬ, ಹೆಣ್ಣುಗಳ್ಳನ ಪಾತ್ರದಲ್ಲಿ, ಸಲಿಂಗಕಾಮಿಯ ಸೋಗು ಹಾಕುವುದು! ಚಿತ್ರಮಂದಿರ ನಕ್ಕಿತು. ಸೆಟ್ಟಿನಲ್ಲಿದ್ದವರೂ ನಕ್ಕಿರಬೇಕು, ಬೇರೆ ಕಾರಣಕ್ಕೆ.

ಸ್ವಂತ ಬದುಕು ಬೆವರ್ಲಿ ಕ್ರೆಸ್ಟ್ ಗುಡ್ಡದ ಮೇಲಿನ, ಗೆಳೆಯರು ‘ಕ್ಯಾಸಲ್’ ಎನ್ನುತ್ತಿದ್ದ ಮನೆಯ ಗೋಡೆಯೊಳಗೆ ನಡೆಯಿತು. ನಟ ಜಾರ್ಜ್ ನಾಡರ್ ಮತ್ತು ಅವನ ಸಂಗಾತಿ ಮಾರ್ಕ್ ಮಿಲ್ಲರ್ ಹಡ್ಸನ್‌ಗೆ ಮನೆಮಂದಿಯೇ ಆಗಿದ್ದರು. ಮಿಲ್ಲರ್ ಮುಂದೆ ಕಾರ್ಯದರ್ಶಿಯೂ ಆದ. ಎಪ್ಪತ್ತರ ದಶಕದ ಆರಂಭದಲ್ಲಿ ಹಡ್ಸನ್ ಮತ್ತು ಗಾಯಕ ನಟ ಜಿಮ್ ನೇಬರ್ಸ್ ಮದುವೆಯಾದರು ಎಂಬ ಗಾಳಿಸುದ್ದಿ ಹಬ್ಬಿತು. ತಮಾಷೆಗೆ ಯಾರೋ ಹಂಚಿದ ಹುಸಿ ಆಮಂತ್ರಣದಿಂದ ಹುಟ್ಟಿದ್ದು. ಇದರಿಂದ ಇಬ್ಬರು ಗೆಳೆಯರು ಮತ್ತೆ ಒಟ್ಟಿಗೆ ಕಾಣಿಸಿಕೊಳ್ಳಲಾರದೆ ಹೋದರು. ಹಡ್ಸನ್ ಆಗ ‘ಮೆಕ್‌ಮಿಲನ್ ಆಂಡ್ ವೈಫ್’ (1971–77) ಎಂಬ ಜನಪ್ರಿಯ ಪತ್ತೇದಾರಿ ಧಾರಾವಾಹಿಯಲ್ಲಿ ಮುದ್ದಿನ ಹೆಂಡತಿಯ ಗಂಡನಾಗಿ ಮನೆಮನೆ ಸೇರಿದ್ದ. ಸ್ಯಾನ್ ಫ್ರಾನ್ಸಿಸ್ಕೋದ ಕಾದಂಬರಿಕಾರ ಆರ್ಮಿಸ್ಟೆಡ್ ಮೊಪಿನ್ ಆ ದಶಕದಲ್ಲೇ, ಇನ್ನು ಹೇಳಿಬಿಡು ಎಂದು ಒತ್ತಾಯಿಸಿ ನೋಡಿದ. ಹಡ್ಸನ್ ಹೇಳಲಿಲ್ಲ.

1984ರ ಮೇ ತಿಂಗಳಲ್ಲಿ ಶ್ವೇತಭವನದ ಔತಣಕ್ಕೆ ಹೋಗಿದ್ದಾಗ ತೆಗೆದ ಫೋಟೋದಲ್ಲಿ ಕುತ್ತಿಗೆಯ ಮೇಲೊಂದು ಮಚ್ಚೆ ಕಂಡಿತು. ಜೂನ್‌ನಲ್ಲಿ ಪರೀಕ್ಷೆ ಮಾಡಿಸಿದಾಗ ಏಡ್ಸ್ ಎಂದು ತಿಳಿಯಿತು. ಔಷಧವಿಲ್ಲದ ಕಾಲ ಅದು. ಪ್ಯಾರಿಸ್‌ನಲ್ಲಿ ‘ಎಚ್‌ಪಿಎ-23’ ಎಂಬ ಪ್ರಯೋಗದ ಮದ್ದು ಕೊಡುತ್ತಾರೆಂದು ಗುಟ್ಟಾಗಿ ಹೋಗಿಬಂದ. ಅದೇ ಸಮಯದಲ್ಲಿ ‘ಡೈನಾಸ್ಟಿ’ ಧಾರಾವಾಹಿಯಲ್ಲಿ ನಟಿಸುತ್ತ, ಲಿಂಡಾ ಇವಾನ್ಸ್ ಜೊತೆ ಚುಂಬನದ ದೃಶ್ಯ ಮಾಡಿದ. ತನ್ನ ಕಾಯಿಲೆಯನ್ನು ಆಕೆಗೆ ಹೇಳಿರಲಿಲ್ಲ. ಚುಂಬನದಿಂದ ಸೋಂಕು ಹರಡುವುದಿಲ್ಲ ಎಂಬುದು ಈಗ ಸ್ಪಷ್ಟ, ಅಂದು ಯಾರಿಗೂ ಆ ಧೈರ್ಯವಿರಲಿಲ್ಲ. ಆಕೆಗೆ ಹೇಳಬೇಕಿತ್ತು. ಬಾಯಿಮುಚ್ಚಿಕೊಂಡೇ ಮೂವತ್ತೈದು ವರ್ಷ ಅನ್ನ ಸಂಪಾದಿಸಿದವನಿಗೆ ಬಾಯಿಬಿಡುವುದು ಕಷ್ಟವಾಯಿತು ಎಂಬುದು ವಿವರಣೆಯಾದೀತು, ಸಮರ್ಥನೆಯಾಗದು.

1985ರ ಜುಲೈ ಮಧ್ಯದಲ್ಲಿ ಡೋರಿಸ್ ಡೇ ತನ್ನ ಹೊಸ ಟಿವಿ ಕಾರ್ಯಕ್ರಮಕ್ಕೆ ಹಳೆಯ ಗೆಳೆಯನನ್ನು ಕರೆದಳು. ಬಂದವನನ್ನು ನೋಡಿ ಪತ್ರಕರ್ತರು ದಂಗಾದರು: ಅಂಗಿ ತೂಗುಹಾಕಿದ ಹಾಗಿದ್ದ ಮೈ, ಗುಳಿಬಿದ್ದ ಕೆನ್ನೆ. ಜುಲೈ 21ರಂದು ಪ್ಯಾರಿಸ್‌ನ ರಿಟ್ಜ್ ಹೋಟೆಲಿನಲ್ಲಿ ಕುಸಿದುಬಿದ್ದ. ಅಲ್ಲಿನ ಸೇನಾ ಆಸ್ಪತ್ರೆಗೆ ಸೇರಿಸಲು ನೆರವಾಗಬೇಕೆಂದು ಪ್ರಚಾರಾಧಿಕಾರಿ ಶ್ವೇತಭವನಕ್ಕೆ ತಂತಿ ಕಳಿಸಿದ. ಹಾಲಿವುಡ್ಡಿನ ಹಳೆಯ ಪರಿಚಯದ, ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಮಧ್ಯೆ ಬರಲು ಒಪ್ಪಲಿಲ್ಲ. ಜುಲೈ 25ರಂದು, ಹಡ್ಸನ್‌ಗೆ ಏಡ್ಸ್ ಇದೆ ಎಂದು ಪ್ರಕಟಣೆ ಹೊರಬಿತ್ತು. ಸುಮಾರು ಎರಡೂವರೆ ಲಕ್ಷ ಡಾಲರ್ ತೆತ್ತು ಬಾಡಿಗೆಗೆ ಹಿಡಿದ ಬೋಯಿಂಗ್ 747ರಲ್ಲಿ ಹಡ್ಸನ್‌ನನ್ನು ಲಾಸ್ ಏಂಜಲೀಸ್‌ಗೆ ತಂದರು. ಅಕ್ಟೋಬರ್ 2ರ ಬೆಳಗ್ಗೆ ತನ್ನ ಮನೆಯಲ್ಲೇ ಪ್ರಾಣಬಿಟ್ಟ. ವಯಸ್ಸು 59. ಚಿತಾಭಸ್ಮವನ್ನು ಕಡಲಿಗೆ ಬಿಟ್ಟರು.

ಸಾವಿರಾರು ಜನ ಸತ್ತರೂ ಅಲುಗಾಡದ ದೇಶ ಒಬ್ಬ ನಟನಿಗಾಗಿ ಅಲುಗಾಡಿತು. ಅಧ್ಯಕ್ಷ ರೊನಾಲ್ಡ್ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಏಡ್ಸ್ ಕುರಿತ ಪ್ರಶ್ನೆಗೆ ಉತ್ತರಿಸಿದ್ದು ಆ ಸೆಪ್ಟೆಂಬರಿನಲ್ಲಿ. ಮೊದಲ ಪ್ರಕರಣಗಳು ದಾಖಲಾಗಿ ಆಗಲೇ ನಾಲ್ಕು ವರ್ಷ ಕಳೆದಿತ್ತು. ಹಡ್ಸನ್ ಕೊಟ್ಟ ಎರಡೂವರೆ ಲಕ್ಷ ಡಾಲರ್ ಏಡ್ಸ್ ಸಂಶೋಧನೆಯ ಪ್ರತಿಷ್ಠಾನಕ್ಕೆ ಆರಂಭದ ಬಂಡವಾಳವಾಯಿತು. ‘ಆಮ್‌ಫಾರ್’ ಎಂಬ ಆ ಸಂಸ್ಥೆಯ ಮುಂದೆ ನಿಂತವಳು ಎಲಿಜಬೆತ್ ಟೇಲರ್. ಇನ್ನೊಂದು ಕಡೆ, ಕಾಯಿಲೆಯನ್ನು ತನ್ನಿಂದ ಮುಚ್ಚಿಟ್ಟ ಎಂದು ಕೊನೆಯ ವರ್ಷಗಳ ಸಂಗಾತಿ ನ್ಯಾಯಾಲಯಕ್ಕೆ ಹೋದ. ಅವನಿಗೆ ಸೋಂಕು ತಗುಲಿರಲಿಲ್ಲ. ಆದರೂ ಜ್ಯೂರಿ 1989ರಲ್ಲಿ 2.175 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಅದು ಬಳಿಕ 55 ಲಕ್ಷಕ್ಕಿಳಿಯಿತು. ತಾನು ಸಲಿಂಗಕಾಮಿ ಎಂದು ಹಡ್ಸನ್ ಸಾರ್ವಜನಿಕವಾಗಿ ಒಮ್ಮೆಯೂ ಹೇಳಲಿಲ್ಲ.

ಬದುಕಿದ್ದಾಗ ವಿಮರ್ಶಕರು ಈತನನ್ನು ಚೆಲುವ ಮರದ ಬೊಂಬೆ ಎಂದು ಬದಿಗಿಟ್ಟಿದ್ದರು. ಆ ಅಭಿಪ್ರಾಯ ಈಗ ನಿಲ್ಲುವುದಿಲ್ಲ. ಸರ್ಕ್ ಚಿತ್ರಗಳನ್ನು ಜರ್ಮನಿಯ ಫಾಸ್‌ಬಿಂಡರ್‌ನಂಥ ನಿರ್ದೇಶಕರು ಗುರುವಿನಂತೆ ಕಂಡ ಮೇಲೆ ಹಡ್ಸನ್ ನಟನೆಯ ಸಂಯಮವೂ ಕಣ್ಣಿಗೆ ಬಿತ್ತು. ಮಾರ್ಕ್ ರಾಪಪೋರ್ಟ್ 1992ರಲ್ಲಿ ಈತನ ಹಳೆಯ ಚಿತ್ರಗಳ ತುಣುಕುಗಳನ್ನೇ ಜೋಡಿಸಿ, ಗುಟ್ಟು ತೆರೆಯ ಮೇಲೆ ಎಲ್ಲೆಲ್ಲಿ ಇಣುಕುತ್ತಿತ್ತು ಎಂದು ತೋರಿಸಿದ. ಆದರೆ ಅದಕ್ಕೆಲ್ಲ ಮೊದಲೇ, ಜಾನ್ ಫ್ರಾಂಕೆನ್‌ಹೈಮರ್‌ನ ‘ಸೆಕೆಂಡ್ಸ್’ (1966) ಬಂದು ಸೋತುಹೋಗಿತ್ತು. ಬೇಸತ್ತ ನಡುವಯಸ್ಸಿನ ಬ್ಯಾಂಕ್ ಅಧಿಕಾರಿಗೆ ಗುಪ್ತ ಕಂಪನಿಯೊಂದು ಶಸ್ತ್ರಚಿಕಿತ್ಸೆ ಮಾಡಿ ಹೊಸ ಮುಖ, ಹೊಸ ಹೆಸರು, ಹೊಸ ಕಸುಬು ಕೊಡುತ್ತದೆ. ಆ ಹೊಸ ಮುಖ ರಾಕ್ ಹಡ್ಸನ್‌ನದು. ಕಂಪನಿ ಕೊಟ್ಟ ಬದುಕು ತನಗೆ ಒಗ್ಗುತ್ತಿಲ್ಲ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಹಿಂದಕ್ಕೆ ದಾರಿಯಿಲ್ಲ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ‘ಆಲ್ ದಟ್ ಹೆವೆನ್ ಅಲೌಸ್’, ‘ಜೈಂಟ್’, ‘ಪಿಲ್ಲೋ ಟಾಕ್’ ಸೇರಿದ ಮೇಲೆ, 2015ರಲ್ಲಿ ಇದೂ ಸೇರಿತು. ನಾಲ್ಕರಲ್ಲಿ ಒಂದನ್ನೇ ನೋಡಲು ಬಿಡುವಿದ್ದರೆ ಓದುಗರು ‘ಸೆಕೆಂಡ್ಸ್’ ನೋಡುವುದು ಒಳ್ಳೆಯದು.