ಹಂಬಲ ಹುಟ್ಟುವ ವಯಸ್ಸು, ಬಾಗಿಲು ತೆರೆಯುವ ವಯಸ್ಸು

ಎಲೆಕ್ಟ್ರಾನಿಕ್ ಸಿಟಿ, ಅತ್ತಿಬೆಲೆ ದಾಟಿದರೆ ತಮಿಳುನಾಡು. ಅಲ್ಲಿನ ಕೃಷ್ಣಗಿರಿ ಜಿಲ್ಲೆಯ ಬಲಿಗಾನಪಳ್ಳಿಯಲ್ಲಿ ಅಬ್ರಹಾಂ ಜಾರ್ಜ್ 1997ರಲ್ಲಿ ಶುರುಮಾಡಿದ ವಸತಿ ಶಾಲೆ ಶಾಂತಿ ಭವನ. ಕಾಡಾನೆ ಓಡಿಸುವ ಕೆಲಸದವರ ಮಗಳಾಗಿ ಆ ಶಾಲೆ ಸೇರಿದ ಶಿಲ್ಪಾ ರಾಜ್ ತಮ್ಮ ಬದುಕನ್ನು 'ದಿ ಎಲಿಫೆಂಟ್ ಚೇಸರ್ಸ್ ಡಾಟರ್' ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅಲ್ಲಿನ ಹುಡುಗಿಯರ ಕುರಿತ 'ಡಾಟರ್ಸ್ ಆಫ್ ಡೆಸ್ಟಿನಿ' ಸರಣಿ 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕಷ್ಟದ ಮನೆಯಿಂದ ಓದು ಕೈಹಿಡಿದು ಹೊರತಂದ ಕಥೆಗಳೆಂದು ಇವನ್ನು ಮೆಚ್ಚುತ್ತೇವೆ. ಮೆಚ್ಚುವಾಗ ಕಣ್ತಪ್ಪುವ ವಿವರ ಒಂದಿದೆ: ಶಾಲೆ ಮಕ್ಕಳನ್ನು ಆರಿಸಿಕೊಳ್ಳುವುದು ಸುಮಾರು ನಾಲ್ಕರ ಪ್ರಾಯದಲ್ಲಿ. ಆಗ ಮನೆ ಬಿಡಿಸುವವರು ದೊಡ್ಡವರು. ಬಿಡಬೇಕೆಂದು ಮಗುವಿಗೇ ಅನ್ನಿಸುವುದು ಹದಿನಾಲ್ಕು, ಹದಿನೈದಕ್ಕೆ.

ಸರ್ಕಾರದ ಬಾಗಿಲುಗಳೂ ಬಹುಪಾಲು ಬೇಗನೆ ಮುಚ್ಚುತ್ತವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಮುಖ್ಯ ಪ್ರವೇಶ ಆರನೇ ತರಗತಿಗೆ, ಪರೀಕ್ಷೆ ಬರೆದು. ನವೋದಯದ್ದೂ ಹಾಗೆಯೇ, ಒಂಬತ್ತನೆಯದಕ್ಕೆ ಖಾಲಿ ಉಳಿದ ಸೀಟುಗಳಿಗಷ್ಟೇ ಮತ್ತೊಂದು ಪರೀಕ್ಷೆ. ಪೀಣ್ಯದ ವಠಾರದ ಒಂದೇ ಕೋಣೆಯಲ್ಲಿ, ಕುಡಿದು ಬರುವ ಅಪ್ಪ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಮ್ಮನ ನಡುವೆ ಎಂಟನೇ ತರಗತಿ ಮುಗಿಸಿದ ಹುಡುಗಿಯನ್ನು ಊಹಿಸಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯ ಹದಿನಾಲ್ಕಕ್ಕೆ ನಿಲ್ಲುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರಿಂದ ಹದಿನೆಂಟರವರಿಗೆ ನಿಷೇಧಿಸುವುದು ಅಪಾಯಕಾರಿ ಕೆಲಸಗಳನ್ನು ಮಾತ್ರ. ಒಂದು ಕಾನೂನು ಕೈಬಿಟ್ಟ ವಯಸ್ಸಿಗೇ ಇನ್ನೊಂದು ಕೆಲಸಕ್ಕೆ ದಾರಿ ಬಿಡುತ್ತದೆ. ಇದು ಕಾಕತಾಳೀಯವೆಂದು ನನಗನ್ನಿಸುವುದಿಲ್ಲ: ನಮ್ಮ ನೀತಿಯ ಮನಸ್ಸಿನಲ್ಲಿ ಬಾಲ್ಯ ಮುಗಿಯುವುದು ಎಂಟನೇ ತರಗತಿಗೆ.

ಎಸ್ಸೆಸ್ಸೆಲ್ಸಿ ಪಾಸಾದರೆ ಮೆಟ್ರಿಕ್ ನಂತರದ ಹಾಸ್ಟೆಲ್ ಇದೆ. ಆದರೆ ಯಾವ ಮನೆಯಿಂದ ಪಾರಾಗಬೇಕೋ ಅದೇ ಮನೆಯಲ್ಲಿ ಕೂತು ಹತ್ತನೆಯದನ್ನು ಗೆಲ್ಲಬೇಕು. ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಆದಾಯ ಅಂದರೆ ಕುಟುಂಬದ್ದು, ಆ ಕಾಗದವೂ ಅಪ್ಪನ ಕೈದಾಟಿಯೇ ಬರಬೇಕು.

ಮಗು ತಾನೇ ಹೋಗಿ ತಟ್ಟಬಹುದಾದ ಬಾಗಿಲೂ ಒಂದುಂಟು. 2015ರ ಬಾಲನ್ಯಾಯ ಕಾಯ್ದೆಯಂತೆ ಹದಿನೆಂಟರೊಳಗಿನವರು ಯಾರ ಜೊತೆಯೂ ಇಲ್ಲದೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬಹುದು. ಹದಿನೆಂಟರ ಬಳಿಕ ಇಪ್ಪತ್ತೊಂದರವರೆಗೆ ಅನುಪಾಲನೆಗೂ ಅವಕಾಶವಿದೆ. ಆದರೆ ಸಮಿತಿ ನೋಡುವುದು ಮಗುವಿಗೆ ಆರೈಕೆ, ರಕ್ಷಣೆ ಬೇಕೇ ಎಂಬುದನ್ನು. ಹೊಡೆತದ ಗುರುತಿಲ್ಲದ, ರಾತ್ರಿ ಓದಲು ಬಿಡದ ಮನೆಯಿಂದ ಬಂದವಳು ಅಲ್ಲಿ ತನ್ನ ಓದಿನ ಆಸೆಯನ್ನು ಅಪಾಯದ ಭಾಷೆಯಲ್ಲಿ ಹೇಳಬೇಕಾಗುತ್ತದೆ.