ಎದುರು ಮನೆಯ ಮಗಳ ಅರ್ಜಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತಿತೆಂದರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಯಾರದೋ ಮನೆಯಲ್ಲಿ ಏನೋ ಆಗಿರಬೇಕು. ಅಂದು ಕರೆಂಟು ಇತ್ತು. ಎದುರು ಮನೆಯಾಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. "ಅಕ್ಕಾ, ಗಂಡನ್ನ ಬಿಟ್ಟಿದ್ದಾಯ್ತು, ಈಗ ದೇಶಾನೂ ಬಿಡ್ತಾಳಂತೆ. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕ್ತಾಳಂತೆ. ಗಂಡನಿಲ್ಲದವಳಿಗೆ ಅಲ್ಲಿ ಕೊಡ್ತಾರಾ?"

ಆಕೆಯ ಕೊನೆಯ ಪ್ರಶ್ನೆಗೆ ನಗಬೇಡಿ. ಬಹುಕಾಲ ಲೋಕದ ಸರ್ಕಾರಗಳೂ ಇದನ್ನೇ ಕೇಳುತ್ತಿದ್ದವು. ಹೆಂಗಸಿನ ದೇಶ ಯಾವುದೆಂದರೆ ಗಂಡನ ದೇಶ, ಅಷ್ಟೇ. ಅಮೆರಿಕದಲ್ಲಿ 1907ರ ಕಾನೂನಿನಂತೆ ಅಲ್ಲಿಯ ಹುಡುಗಿ ಪರದೇಶದವನನ್ನು ಮದುವೆಯಾದರೆ ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಅದನ್ನು ತಿದ್ದಿದರು, ಆದರೆ ಅರ್ಧಂಬರ್ಧ: ಪೌರತ್ವಕ್ಕೆ ಅನರ್ಹನಾದವನನ್ನು ಕೈಹಿಡಿದವಳಿಗೆ ಆ ತಿದ್ದುಪಡಿ ಉಪಯೋಗಕ್ಕೆ ಬರಲಿಲ್ಲ. ಮರುವರ್ಷ ಅಲ್ಲಿಯ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರರಾಗುವಂತಿಲ್ಲ ಎಂದಿತು. ಕ್ರಾಂತಿಕಾರಿ ತಾರಕನಾಥ ದಾಸರ ಪತ್ನಿ ಮೇರಿ ಅಮೆರಿಕದವಳೇ. ಬಂಗಾಳಿಯನ್ನು ಮದುವೆಯಾದ ತಪ್ಪಿಗೆ ಆಕೆ ತನ್ನ ಪೌರತ್ವ ಕಳೆದುಕೊಂಡಳು. ಭಾರತೀಯರಿಗೆ ಅಲ್ಲಿ ಪೌರರಾಗುವ ಬಾಗಿಲು ತೆರೆದದ್ದು 1946ರಲ್ಲಿ. ಅದೂ ವರ್ಷಕ್ಕೆ 100 ಜನ ಬರಬಹುದೆಂಬ ಲೆಕ್ಕದಲ್ಲಿ.

ನಮ್ಮ ಕಡೆಯ ಕಥೆಯೂ ಸ್ವಾರಸ್ಯವಾಗಿದೆ. ವಿಚ್ಛೇದನಕ್ಕೆ ಅವಕಾಶ ಕೊಟ್ಟ ಹಿಂದೂ ವಿವಾಹ ಕಾಯಿದೆ, ಪೌರತ್ವ ಕಾಯಿದೆ ಎರಡೂ 1955ರಲ್ಲೇ ಬಂದವು. ಭಾರತೀಯನ ಹೆಂಡತಿ ಆಗಿರುವವಳೂ, ಹಿಂದೆ ಆಗಿದ್ದವಳೂ ಅರ್ಜಿ ಹಾಕಬಹುದೆಂದು ಆ ಪೌರತ್ವ ಕಾಯಿದೆ ಹೇಳುತ್ತಿತ್ತು. 'ಹಿಂದೆ ಆಗಿದ್ದವಳು' ಎಂಬಲ್ಲಿ ವಿಚ್ಛೇದಿತೆಗೂ ವಿಧವೆಗೂ ಜಾಗವಿತ್ತು. 1986ರ ತಿದ್ದುಪಡಿ ಗಂಡಸರನ್ನೂ ಸೇರಿಸಿಕೊಂಡಿತು. 2003ರ ತಿದ್ದುಪಡಿ ಮಾತ್ರ ಆ 'ಹಿಂದೆ'ಯನ್ನೇ ಕಿತ್ತುಹಾಕಿತು. ಸದ್ದಿಲ್ಲದೆ ಹೋದ ಆ ಒಂದು ಮಾತಿನಿಂದಾಗಿ, ಇಲ್ಲಿಗೆ ಸೊಸೆಯಾಗಿ ಬಂದು ಬಿಡುಗಡೆಯಾದ ಪರದೇಶದವಳು ಮದುವೆಯ ದಾರಿ ಬಿಟ್ಟು ಹನ್ನೆರಡು ವರ್ಷದ ವಾಸದ ಲೆಕ್ಕ ತೋರಿಸಬೇಕಾಗುತ್ತದೆ. ನಾವು ಅಮೆರಿಕವನ್ನು ಬೈಯುವಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು.

ಎದುರು ಮನೆಯ ಹುಡುಗಿಗೆ ಒಂದು ಅದೃಷ್ಟವಿತ್ತು. ಗಂಡನ ಕಂಪನಿಯ ಮೂಲಕ ಹಸಿರು ಕಾರ್ಡು ಮೊದಲು ಬಂತು, ವಿಚ್ಛೇದನ ಆಮೇಲೆ. ಹಿಂದುಮುಂದಾಗಿದ್ದರೆ? ಅವಳು ಹೋದದ್ದು ಅವಲಂಬಿತೆಯ ವೀಸಾದ ಮೇಲೆ. ಮದುವೆ ಮುರಿದರೆ ಅದೂ ಮುರಿಯುತ್ತದೆ. ಹೊಡೆತ ತಿಂದುಕೊಂಡೂ ಎಷ್ಟು ಹೆಣ್ಣುಮಕ್ಕಳು ಆ ಕಾರ್ಡಿಗಾಗಿ ಕಾದಿರಬಹುದು! ಅಮೆರಿಕದ ಪೌರನ ಜೊತೆ ಬಾಳುತ್ತಿರುವ ಹೆಂಡತಿಗೆ ಮೂರು ವರ್ಷ, ಉಳಿದವರಿಗೆ ಐದು ವರ್ಷ ಎಂಬುದು ಅಲ್ಲಿಯ ನಿಯಮ. ಇವಳು ಐದು ಮುಗಿಸಿದ್ದಳು. ಅರ್ಜಿಯಲ್ಲಿ ಗಂಡನ ಒಪ್ಪಿಗೆ ಬೇಕಿಲ್ಲ, ವಿಚ್ಛೇದನದ ತೀರ್ಪಿನ ಪ್ರತಿ ಬೇಕು.

"ಆ ತೀರ್ಪು ನಮ್ಮಲ್ಲಿ ನಡೆಯುತ್ತಾ?" ಅದು ತಾಯಿಯ ಮುಂದಿನ ಪ್ರಶ್ನೆ. ಎಲ್ಲ ಪರದೇಶದ ತೀರ್ಪೂ ಇಲ್ಲಿ ನಡೆಯುವುದಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟು 1991ರಲ್ಲೇ, ನರಸಿಂಹರಾವ್ ಮೊಕದ್ದಮೆಯಲ್ಲಿ ಹೇಳಿದೆ. ತಿರುಪತಿಯಲ್ಲಿ ಮದುವೆಯಾದ ಗಂಡ ಅಮೆರಿಕದ ಮಿಸೌರಿಯಲ್ಲಿ ತಂದ ತೀರ್ಪನ್ನು ಅದು ಒಪ್ಪಲಿಲ್ಲ. ಇಬ್ಬರೂ ಮನಸಾರೆ ಒಪ್ಪಿದ್ದರೆ ಬೇರೆ ಮಾತು. ಇವರಿಬ್ಬರೂ ಒಪ್ಪಿದ್ದರು.

ಇಷ್ಟೆಲ್ಲ ಆದ ಮೇಲೆ ಆಕೆ ಅಸಲು ವಿಷಯಕ್ಕೆ ಬಂದರು. ದೇವನಹಳ್ಳಿ ಕಡೆ ಅವರ ಎರಡು ಎಕರೆ ಇದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ನೆಲದ ಮಾತೆತ್ತಿದರೆ ಅಣ್ಣತಮ್ಮಂದಿರ ದನಿ ಬದಲಾಗುತ್ತದೆ. "ಪರದೇಶದವಳಾದರೆ ಅವಳ ಭಾಗ ಹೋಯ್ತಲ್ವಾ?"

ಹೋಗುವುದಿಲ್ಲ. ಪರದೇಶದ ಪೌರತ್ವ ತೆಗೆದುಕೊಂಡ ಕೂಡಲೇ ನಮ್ಮ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟು ಒಪ್ಪಿಸಬೇಕು, ಓಟು ಇಲ್ಲ, ಹೊಸದಾಗಿ ಹೊಲ ಕೊಳ್ಳುವಂತಿಲ್ಲ. ಆದರೆ ಅಪ್ಪನಿಂದ ವಾರಸಾಗಿ ಬಂದದ್ದು ಬರುತ್ತದೆ. ಹೇಳಿದೆ. ಆಕೆ ಎದ್ದು ನಿಂತು, "ಇದನ್ನ ಅವನ ಮುಂದೆ ಇನ್ನೊಂದ್ಸಲ ಹೇಳ್ತೀರಾ ಅಕ್ಕಾ?" ಎಂದರು. ಅವನೆಂದರೆ ಮಗ. ಚಪ್ಪಲಿ ಮೆಟ್ಟಿಕೊಂಡು ನಾನೂ ಹೊರಟೆ. ನಾವು ಹೋದಾಗ ಅವನು ಮಗ್ಗದ ಮುಂದೆ ಕೂತಿದ್ದ, ನಿಲ್ಲಿಸಲಿಲ್ಲ. ನಾನು ಗಟ್ಟಿಯಾಗಿಯೇ ಹೇಳಬೇಕಾಯಿತು.